ಸಹಾಯ ಬೇಕು: ಮೂರು ಸಣ್ಣ ವಿಮಾನ ಜೊತೆಯಾಗಿ ಹಾರಿಸಲು

ನಾವು ಮೂವರು ಗೆಳೆಯರು, ಒಟ್ಟಿಗೆ ಫಾರ್ಮೇಶನ್ ಹಾರಾಟಕ್ಕೆ (ಒಬ್ಬ ಲೀಡರ್ ವಿಮಾನದ ಪಕ್ಕದಲ್ಲೇ ಉಳಿದವರು ಜೋಡಿಯಾಗಿ ಹಾರುವುದು) ತಯಾರಾಗುತ್ತಿದ್ದೇವೆ. ಲೀಡರ್ ಯಾರು, ಯಾವ ಫ್ರೀಕ್ವೆನ್ಸಿ, ಇಂಧನ ಎಷ್ಟಕ್ಕಿಳಿದರೆ ವಾಪಸ್, ಎಲ್ಲ ಮಾತಾಡಿಕೊಂಡಿದ್ದೇವೆ. ನೆಲದ ಮೇಲೆ ಕೈ ಚಾಚಿಕೊಂಡು ನಡೆದು ರಿಹರ್ಸಲ್ಲೂ ಆಯಿತು (ನೋಡಿದವರು ನಕ್ಕರು, ನಗಲಿ ಬಿಡಿ).

ತೊಡಕು ಇಷ್ಟೇ: ನನ್ನ ವಿಮಾನದ ರೆಕ್ಕೆ ಕ್ಯಾಬಿನ್ನಿನ ಮೇಲ್ಗಡೆ, ಅವರಿಬ್ಬರದು ಕೆಳಗಡೆ. ಲೀಡರ್ ಹತ್ತಿರ ಸೇರುವಾಗ ವೇಗ ಹೆಚ್ಚಾದರೆ ಪವರ್ ಇಳಿಸಿ, ಅವರ ಕೆಳಗಿನಿಂದ ಹೊರಬದಿಗೆ ಸರಿಯಬೇಕು, ಅವರಿಗೆ ವಿಮಾನದ ಹೊಟ್ಟೆ ತೋರಿಸಿ ತಿರುಗಲೇಬಾರದು ಎಂದು ಕಲಿತಿದ್ದೇನೆ. ಆದರೆ ಕೆಳಗಿಳಿದ ತಕ್ಷಣ ನನ್ನದೇ ರೆಕ್ಕೆ ಲೀಡರನ್ನು ಮರೆಮಾಡುತ್ತದೆ! ಕಾಣದಿದ್ದರೆ ರೇಡಿಯೊದಲ್ಲಿ ಹೇಳಿ ದೂರ ಸರಿಯುವುದು ಗೊತ್ತು. ಪ್ರತಿ ಸಲ ಹಾಗಾದರೆ ಹೇಗೆ?

ನಾನೇ ಲೀಡರ್ ಆಗುವುದು ವಾಸಿಯೇ? ಇಂಥ ಮಿಶ್ರ ಗುಂಪಿನಲ್ಲಿ ಹಾರಿದ ಅನುಭವಿಗಳು, ತರಬೇತುದಾರರು ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ಹತ್ತಿರ ಹೋಗುವುದಿಲ್ಲ.