ಪದಚರ್ಚೆ: ಗಾಳದ ದಾರದ ‘ಲೀಡರ್’ – ನಾಯಕನೋ, ಮೂಗುದಾರವೋ, ಸೆರಗೋ?

ಬಳಗದ ಎಲ್ಲರಿಗೂ ಗೋವೆಯ ವಾಸ್ಕೋದಿಂದ ನಮಸ್ಕಾರ.

ಮೊದಲು ಈ ಒಂದು ವಾಕ್ಯ ಓದಿ: ‘ಬಾಸ್ ಮೀನುಗಾರಿಕೆಗಾಗಿ ಟೊಳ್ಳು ಹೆಣೆಯಲ್ಪಟ್ಟ ಸಾಲು, ಬದಲಾಯಿಸಬಹುದಾದ ನಾಯಕರೊಂದಿಗೆ.’

ಯಾವ ಪಕ್ಷದ ಒಳಜಗಳದ ಸುದ್ದಿಯೂ ಅಲ್ಲ ಇದು. ಒಳಗೆ ಖಾಲಿ ಇರುವ ಗಾಳದ ದಾರ, ಅದರ ತುದಿಗೆ ಕಟ್ಟುವ, ಬೇಕೆಂದಾಗ ಬದಲಿಸುವ ‘ಲೀಡರ್’ ಎಂಬ ತುಂಡು, ಇವುಗಳ ವಿವರಣೆ. ನನ್ನ ಅಕ್ಕನ ಮಗ ಇಲ್ಲಿ ಗಾಳದ ಸಾಮಾನಿನ ಸಣ್ಣ ಅಂಗಡಿ ಇಟ್ಟಿದ್ದಾನೆ. ಶನಿವಾರ ಬಂತೆಂದರೆ ಬೆಳಗಾವಿ, ಹುಬ್ಬಳ್ಳಿ, ಕಾರವಾರದ ಹುಡುಗರು ಬೈಕು ಕಾರು ಹತ್ತಿ ಬಂದು ಜುವಾರಿ, ಮಾಂಡವಿ ಹೊಳೆಗಳ ದಂಡೆಯಲ್ಲಿ ಕೂರುತ್ತಾರೆ. ಅವರಿಗೆಂದು ಪೊಟ್ಟಣದ ಜೊತೆ ಕೊಡಲು ಕನ್ನಡದಲ್ಲೊಂದು ಚೀಟಿ ಬೇಕಿತ್ತು. ಹುಡುಗ ಇಂಗ್ಲಿಷ್ ಬರಹವನ್ನು ಮೊಬೈಲಿಗೆ ಹಾಕಿದ, ಅದು ಮೇಲಿನದನ್ನು ಉಗುಳಿತು. ‘ಮಾಮಾ, ಇದೊಂಚೂರು ಸರಿ ಮಾಡಿಕೊಡು’ ಎಂದು ನನ್ನ ಮುಂದೆ ಇಟ್ಟ. ಒಂಚೂರಿನ ಕೆಲಸ ಹದಿನೈದು ದಿನದಿಂದ ನಡೆದಿದೆ.

ಬಾಸ್ ವಿಷಯ ಬೇಗ ಮುಗಿಸುತ್ತೇನೆ. ಅದು ಯಜಮಾನನೂ ಅಲ್ಲ, ತಬಲಾ ಪಕ್ಕದ ದಪ್ಪ ದನಿಯೂ ಅಲ್ಲ, ಬ್ಯಾಸ್ ಎಂಬ ಮೀನು. ಅಮೆರಿಕದವರು ಕೆರೆ ಸರೋವರಗಳಲ್ಲಿ ಹಿಡಿಯುವ ದೊಡ್ಡಬಾಯಿಯ ಬ್ಯಾಸ್ ನಮ್ಮ ಹೊಳೆಗಳದ್ದಲ್ಲ. ಇಲ್ಲಿ ಆ ಜಾಗದಲ್ಲಿ ಇರುವುದು ಚೊಣಕ್. ಇಂಗ್ಲಿಷಿನವರು ಅದನ್ನೂ ಸೀ ಬ್ಯಾಸ್ ಎಂದೇ ಕರೆಯುತ್ತಾರೆ. ಮಹಾರಾಷ್ಟ್ರದ ರಾಯಗಡದ ಕಡೆ ಜಿತಾಡಾ, ಬಂಗಾಳದಲ್ಲಿ ಭೆಟ್ಕಿ. ಎರಡೂ ಬೇರೆ ಬೇರೆ ಕುಲದವು, ಹೆಸರು ಮಾತ್ರ ಒಂದು. ಬ್ಯಾಸ್ ಎಂಬ ಪದದ ಬೇರು ಮುಳ್ಳುಮುಳ್ಳಾದ ಬಿರುಗೂದಲಿನ ಕಡೆಗೆ ಹೋಗುತ್ತದಂತೆ. ಚೊಣಕಿನ ಬೆನ್ನಿನ ರೆಕ್ಕೆಯನ್ನು ಬರಿಗೈಲಿ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೀಟಿಯಲ್ಲಿ ಚೊಣಕ್ ಎಂದೇ ಬರೆದೆ.

‘ಸಾಲು’ ಕೂಡ ಸುಲಭವಾಗಿ ಹೋಯಿತು. ಗಾಳಕ್ಕೆ ಇರುವುದು ದಾರ. ಕರಾವಳಿಯಲ್ಲಿ ನೈಲಾನಿನ ಒಂಟಿ ಎಳೆಯ ದಾರಕ್ಕೆ ತಂಗೂಸು ಎನ್ನುತ್ತಾರೆ, ಇಲ್ಲಿ ಗೋವೆಯಲ್ಲೂ ಮರಾಠಿಯಲ್ಲೂ ತಂಗೂಸ್. ಈ ಪದದ ಬಗ್ಗೆ ನನಗೊಂದು ಗುಮಾನಿ ಇದೆ. ಜಪಾನೀ ಭಾಷೆಯಲ್ಲಿ ಗಾಳದ ದಾರಕ್ಕೆ ತೆಗುಸು ಎನ್ನುತ್ತಾರೆ. ನೈಲಾನ್ ಬರುವ ಮೊದಲು ರೇಷ್ಮೆಹುಳದ ಒಡಲಿನಿಂದ ಎಳೆದು ತೆಗೆಯುತ್ತಿದ್ದ ದಾರದ ಹೆಸರು ಅದು. ನೈಲಾನ್ ಹುಟ್ಟಿದ್ದೇ 1935ರಲ್ಲಿ. ತೆಗುಸು, ತಂಗೂಸು. ಹಡಗಿನ ಜೊತೆ ಸರಕು, ಸರಕಿನ ಜೊತೆ ಹೆಸರು ಬಂದಿರಬಹುದೇ? ಯಾರಾದರೂ ಹಳೆಯ ಬಂದರಿನ ಲೆಕ್ಕಪತ್ರಗಳಲ್ಲಿ ಈ ಪದ ಕಂಡಿದ್ದರೆ ತಿಳಿಸಿ. ಇನ್ನೊಂದು ತಮಾಷೆ: ಕೊಂಕಣಿಯಲ್ಲಿ ಗಾಳದ ಕೊಕ್ಕೆಗೆ ಗರಿ ಎನ್ನುತ್ತಾರೆ. ಅಂಗಡಿಗೆ ಬಂದ ಧಾರವಾಡದ ಹುಡುಗನಿಗೆ ಪಕ್ಕದ ಗಿರಾಕಿ ‘ಗರಿ ಚಲೋ ಇದೆ’ ಎಂದರೆ ಅವನು ನವಿಲುಗರಿ ಹುಡುಕುತ್ತಾನೆ.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ಸಾಮಾನು ಏನೆಂದು ಹೇಳದೆ ಪದ ಕೇಳುವುದು ಸರಿಯಲ್ಲ.

ಇತ್ತೀಚಿನ ಗಾಳದ ದಾರ ಒಂಟಿ ಎಳೆಯದ್ದಲ್ಲ. ಪಾಲಿಎಥಿಲೀನಿನ ನವಿರು ಎಳೆಗಳನ್ನು ನಾಲ್ಕು, ಎಂಟು, ಹನ್ನೆರಡು, ಹದಿನಾರರ ಲೆಕ್ಕದಲ್ಲಿ ಹೆಣೆದದ್ದು. ನೀರಿನಲ್ಲಿ ತೇಲುತ್ತದೆ, ಎಳೆದರೆ ಹಿಗ್ಗುವುದಿಲ್ಲ, ಮೀನು ಮುಟ್ಟಿದ್ದು ಬೆರಳಿಗೆ ಗೊತ್ತಾಗುತ್ತದೆ. ಎರಡು ಕೊರತೆ: ತಿಳಿನೀರಿನಲ್ಲಿ ಮೀನಿಗೆ ಕಾಣುತ್ತದೆ, ಕಲ್ಲು ಚಿಪ್ಪಿಗೆ ಉಜ್ಜಿದರೆ ಬೇಗ ಹರಿಯುತ್ತದೆ. ಚೊಣಕಿನ ಕಿವಿರಿನ ಮುಚ್ಚಳದ ಅಂಚಂತೂ ಬ್ಲೇಡು. ಅದಕ್ಕೇ ಕೊನೆಯ ಮಾರುದ್ದಕ್ಕೆ ಬೇರೆ ಜಾತಿಯ ದಾರ ಕಟ್ಟುತ್ತಾರೆ, ದಪ್ಪ ನೈಲಾನ್ ಅಥವಾ ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ ಎಳೆ. ಈ ಕೊನೆಯ ತುಂಡೇ ಲೀಡರ್. ಹಳೆಯ ಗಾಳಿಗರು ಟ್ರೇಸ್ ಅಂತಲೂ ಅನ್ನುತ್ತಾರೆ.

ಎರಡು ಜಾತಿಯ ದಾರಕ್ಕೆ ಹಾಕುವ ಗಂಟೇ ಎಲ್ಲಕ್ಕಿಂತ ಬಡಕಲು ಜಾಗ. ಕತ್ತಲಲ್ಲಿ, ಸೊಳ್ಳೆ ಕಚ್ಚುವಾಗ, ಇಳಿತ ಶುರುವಾಗಿ ಖಾಜನ್ ಗದ್ದೆಯ (ಉಪ್ಪುನೀರಿಗೆ ಒಡ್ಡು ಕಟ್ಟಿದ ಗದ್ದೆ) ಮಾನಸಿನ, ಅಂದರೆ ತೂಬಿನ, ಬಾಯಲ್ಲಿ ನೀರು ನುಗ್ಗುವಾಗ ಆ ಗಂಟು ಹಾಕುತ್ತ ಕೂತವನ ಮುಖ ನೋಡಬೇಕು. ಇದನ್ನು ತಪ್ಪಿಸುವುದೇ ಒಳಗೆ ಖಾಲಿ ಇರುವ ಹೆಣಿಗೆ ದಾರ. ಎರಡು ಕಡೆಯಿಂದ ಒತ್ತಿ ತಳ್ಳಿದರೆ ಹೊಟ್ಟೆ ಉಬ್ಬಿ ಬಾಯಿ ತೆರೆಯುತ್ತದೆ. ತುದಿಯಿಂದ ಒಂದಷ್ಟು ದೂರ ಹಿಂದೆ, ಪಕ್ಕದಿಂದ ಸೂಜಿ ಚುಚ್ಚಿ, ಒಳಗೊಳಗೇ ನಡೆಸಿ, ತುದಿಯ ಬಾಯಲ್ಲಿ ಹೊರತೆಗೆಯುತ್ತಾರೆ. ಸೂಜಿಯ ಮೂತಿಯಲ್ಲಿ ಕ್ರೋಶಾ ಕಡ್ಡಿಗಿರುವಂಥ ಕೊಕ್ಕೆ, ಅದಕ್ಕೊಂದು ಪುಟ್ಟ ಚಿಲಕ. ಓರೆಯಾಗಿ ಕತ್ತರಿಸಿದ ನೈಲಾನಿನ ತುದಿಯನ್ನು ಅದರ ಬಾಯಿಗೆ ಕೊಟ್ಟು ಸೂಜಿಯನ್ನು ಹಿಂದಕ್ಕೆಳೆದರೆ ನೈಲಾನು ದಾರದ ಹೊಟ್ಟೆಯೊಳಗೆ ಕೂರುತ್ತದೆ. ಬೆರಳಿನಿಂದ ನೀವಿ ಬಿಗಿ ಮಾಡಿ, ಬಾಯಿಗೆ ತೆಳುದಾರ ಸುತ್ತಿ, ಒಂದು ಹನಿ ಅಂಟು. ಗಂಟೇ ಇಲ್ಲ. ಎಳೆದಷ್ಟೂ ಹೆಣಿಗೆ ಕಿರಿದಾಗಿ ಒಳಗಿನದನ್ನು ಅಪ್ಪುತ್ತದೆ.

ಇದೇ ಯುಕ್ತಿಯಲ್ಲಿ ದಾರದ ಬಾಲವನ್ನು ಮಡಿಸಿ ಅದರದೇ ಹೊಟ್ಟೆಗೆ ತೂರಿಸಿದರೆ ಗಂಟಿಲ್ಲದ ಕುಣಿಕೆ. ಪ್ರತಿ ಲೀಡರಿನ ತಲೆಗೂ ಹೆಣಿಗೆ ದಾರದ ಒಂದು ತುಂಡು ತೊಡಿಸಿ, ಅದರಲ್ಲೂ ಒಂದು ಕುಣಿಕೆ. ಕುಣಿಕೆಯೊಳಗೆ ಕುಣಿಕೆ ಹಾಯಿಸಿದರೆ ಜೋಡಣೆ ಮುಗಿಯಿತು. ತಿಳಿನೀರಿಗೆ ತೆಳುವಿನದು, ಕಲ್ಲುಬಂಡೆಗೆ ದಪ್ಪದ್ದು. ಮನೆಯಲ್ಲೇ ನಾಲ್ಕಾರು ಮಾಡಿಟ್ಟುಕೊಂಡು ದಂಡೆಯಲ್ಲಿ ನಿಮಿಷದಲ್ಲಿ ಬದಲಿಸಬಹುದು. ಸಮುದ್ರದಲ್ಲಿ ಟ್ಯೂನಾ ಹಿಡಿಯುವವರಲ್ಲಿ ರೂಢಿಯಾದ ಪದ್ಧತಿ ಇದು, ಹೊಳೆಯವರೂ ಕಲಿಯುತ್ತಿದ್ದಾರೆ.

ಮೊದಲ ಪ್ರಶ್ನೆ ‘ಟೊಳ್ಳು’. ಅರ್ಥಕೋಶದ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಟೊಳ್ಳು ಮರ, ಟೊಳ್ಳು ಮಾತು ಎಂದು ಬೈಯುವ ಪದವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿದರೆ ಯಾರು ಕೊಳ್ಳುತ್ತಾರೆ? ಕೈಬರಹದ ಮೊದಲ ಚೀಟಿ ನೋಡಿದ ಹುಬ್ಬಳ್ಳಿಯ ಗಿರಾಕಿ ಕೇಳಿಯೇ ಬಿಟ್ಟ: ‘ಟೊಳ್ಳು ಅಂದ್ರ ಗಟ್ಟಿ ಇರಂಗಿಲ್ಲೇನ್ರೀ?’ ಪೊಳ್ಳು ಇನ್ನೂ ಕೆಟ್ಟದು, ಅದರ ಹಿಂದೆ ಭರವಸೆ ಎಂಬ ಪದ ತಾನಾಗಿ ಬಂದು ನಿಲ್ಲುತ್ತದೆ. ‘ಕೊಳವೆ ದಾರ’ ಎಂದು ತಿದ್ದಿದೆ. ಕಿವಿಗೆ ಬೋರ್‌ವೆಲ್ ಕೇಳಿಸಿತು.

ಆಗ ನೆನಪಾದದ್ದು ಲಾಡಿ. ಅಜ್ಜಿಯ ಕಾಲದ ಹತ್ತಿಯ ಲಾಡಿ ಮಲಗಿದಾಗ ಪಟ್ಟಿಯಂತೆ ಕಾಣುತ್ತಿತ್ತು, ಎರಡು ತುದಿ ಹಿಡಿದು ಒತ್ತಿದರೆ ನಡುವೆ ಬಾಯಿ ತೆರೆಯುತ್ತಿತ್ತು. ಅದೂ ಹೆಣೆದ ಕೊಳವೆಯೇ. ‘ಲಾಡಿ ಹೆಣಿಗೆ’ ಎಂದರೆ ಲಾಡಿ ಕಂಡವರಿಗೆ ಅರ್ಥವಾಗುತ್ತದೆ. ಎಲಾಸ್ಟಿಕ್ ಮಾತ್ರ ಕಂಡ ಹುಡುಗರಿಗೆ? ಅಳಿಯ ನಕ್ಕು, ‘ಮಾಮಾ, ಮೀನು ಹಿಡಿಯೋಕೆ ಬಂದವರ ಕೈಗೆ ಲಾಡಿ ಕೊಡ್ತೀಯಾ’ ಅಂದ.

ಹೆಣೆ ಎಂಬ ಕ್ರಿಯಾಪದದ ಬಗ್ಗೆಯೂ ಒಂದು ಮಾತು. ಬತ್ತಿ ಹೊಸೆಯುತ್ತೇವೆ, ಹಗ್ಗ ಹುರಿ ಮಾಡುತ್ತೇವೆ, ಜಡೆ ಹೆಣೆಯುತ್ತೇವೆ. ಹೊಸೆದದ್ದಕ್ಕೆ ಹೊಟ್ಟೆ ಇರುವುದಿಲ್ಲ, ಹೆಣೆದದ್ದಕ್ಕೆ ಇರಬಹುದು. ಈ ಭೇದ ನಮ್ಮಲ್ಲಿ ಇಷ್ಟು ಚೆನ್ನಾಗಿ ಇರುವಾಗ ‘ಹೆಣೆಯಲ್ಪಟ್ಟ’ ಎಂಬ ಬಾಲಗೋಚಿ ಯಾಕೋ. ಎಳೆಯಂತೂ ಬಂಗಾರದಂಥ ಪದ: ಎಂಟೆಳೆ ದಾರ, ಹದಿನಾರೆಳೆ ದಾರ.

ಎರಡನೆಯದು ಕುಣಿಕೆ. ಕುಣಿಕೆ ಎಂದರೆ ನೇಣು ಕಣ್ಣಿಗೆ ಬರುತ್ತದೆ, ಬಿಗಿಯುವ ಕುಣಿಕೆ. ಇಲ್ಲಿಯದು ಬಿಗಿಯಬಾರದು. ಆದರೆ ಜೀರುಕುಣಿಕೆ ಎಂಬ ಪದ ಬೇರೆಯೇ ಇದೆಯಲ್ಲ. ಜೀರು ಸೇರಿಸಬೇಕಾಯಿತು ಎಂದ ಮೇಲೆ ಬರೀ ಕುಣಿಕೆ ಬಿಗಿಯಲೇಬೇಕೆಂದಿಲ್ಲ ಎಂದು ನನ್ನ ವಾದ. ಕರು ಕಟ್ಟುವ ಕಣ್ಣಿ ಇನ್ನೂ ಸರಿಯೇ? ನಮ್ಮ ಕಡೆ ಕಣ್ಣಿ ಎಂದರೆ ಇಡೀ ಹಗ್ಗ, ಅದರ ಬಾಯಷ್ಟೇ ಅಲ್ಲ. ನಿಮ್ಮ ಊರಲ್ಲಿ ಹೇಗೆ?

ಇದು ಬರೀ ಪದದ ಗೊಡವೆ ಅಲ್ಲ ಎಂಬುದು ನನಗೇ ತಿಳಿದದ್ದು ಈಚೆಗೆ. ಅವಸರದಲ್ಲಿ ಹೆಣಿಗೆ ದಾರದ ಕುಣಿಕೆಯನ್ನು ನೇರ ನೈಲಾನಿನ ಕುಣಿಕೆಗೆ ಹಾಯಿಸಿದೆ, ಅದೂ ಒಂದು ಇನ್ನೊಂದರ ಕುತ್ತಿಗೆ ಹಿಸುಕುವಂತೆ. ಚೊಣಕ್ ಒಂದು ಸಲ ನೀರಿನಿಂದ ಮೇಲೆ ಹಾರಿ ತಲೆ ಕೊಡವಿತು. ತೆಳು ದಾರ ನೈಲಾನನ್ನು ಗರಗಸದ ಹಾಗೆ ಕೊಯ್ದಿತ್ತು. ಕೈಗೆ ಬಂದದ್ದು ಖಾಲಿ ಕುಣಿಕೆ. ಚೀಟಿಯಲ್ಲಿ ಈಗ ಸ್ಪಷ್ಟವಾಗಿ ಬರೆದಿದ್ದೇನೆ: ಎರಡೂ ಕುಣಿಕೆ ಹೆಣಿಗೆಯದ್ದೇ ಇರಲಿ, ಎರಡೂ ಸಮನಾಗಿ ಒಂದಕ್ಕೊಂದು ತೋಳು ಹೆಣೆದಂತೆ ಕೂರಲಿ, ಒಂದು ಇನ್ನೊಂದಕ್ಕೆ ಉರುಳಾಗದಿರಲಿ.

ಈಗ ಲೀಡರ್. ‘ನಾಯಕ ದಾರ’ವನ್ನು ಬಿಟ್ಟೆ. ‘ಮುಂದಾರ’ ಕಿವಿಗೆ ಮಂದಾರ ಆಗುತ್ತದೆ. ‘ತುದಿದಾರ’ಕ್ಕೆ ತಕರಾರಿಲ್ಲ, ರುಚಿಯೂ ಇಲ್ಲ. ಬೆಳಗಾವಿಯ ಒಬ್ಬ ರೈತರ ಹುಡುಗ ಸೂಚಿಸಿದ್ದು ‘ಮೂಗುದಾರ’. ಚೆನ್ನಾಗಿದೆ: ಎತ್ತಿನ ಮೂಗಿನಲ್ಲಿ ಗಿಡ್ಡ ದಾರ, ಅದಕ್ಕೆ ಉದ್ದ ಹಗ್ಗ; ಇಲ್ಲೂ ಮೀನಿನ ಮೂತಿಯ ಹತ್ತಿರ ಗಿಡ್ಡದ್ದು, ಹಿಂದೆ ಉದ್ದದ್ದು. ಆದರೆ ಮೂಗುದಾರ ಎತ್ತಿನ ಮೂಗಲ್ಲೇ ಇರುತ್ತದೆ, ಹಗ್ಗ ಬಿಚ್ಚಿದರೂ. ಲೀಡರ್ ನಮ್ಮ ಕಡೆಯದು, ಬದಲಿಸುವವರು ನಾವು.

ನನ್ನ ಮನಸ್ಸು ನಿಂತಿರುವುದು ‘ಸೆರಗು’ ಎಂಬಲ್ಲಿ. ನಾನು ಇಳಕಲ್ಲಿನ ಕಡೆಯವನು, ಪಕ್ಷಪಾತ ಇದ್ದರೆ ಮೊದಲೇ ಒಪ್ಪಿಕೊಳ್ಳುತ್ತೇನೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಉದ್ದೆಳೆ) ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದ್ದಾದರೂ ಸೆರಗು ರೇಷ್ಮೆಯದು. ಎರಡನ್ನೂ ಸೇರಿಸುವುದು ಹೇಗೆಂದರೆ ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ. ಚಿಕ್ಕವನಿದ್ದಾಗ ಓಣಿಯ ಹೆಂಗಸರು ನೆಲದ ಮೇಲೆ ಕಾಲು ಚಾಚಿ ಕೂತು ಮಾತಾಡುತ್ತಲೇ, ಬೆರಳ ತುದಿಯಿಂದಲೇ ಲೆಕ್ಕ ಹಿಡಿದು, ನೂರಾರು ಎಳೆಗಳನ್ನು ಹೀಗೆ ಕೂಡಿಸುವುದನ್ನು ನೋಡಿದ್ದೇನೆ. ಸೂಜಿ ಹಿಡಿದು ಅಳಿಯನ ಅಂಗಡಿಯಲ್ಲಿ ಮೊದಲ ಸಲ ಕುಣಿಕೆಗೆ ಕುಣಿಕೆ ಹಾಯಿಸಿದಾಗ ಕೈಗೆ ಅದೇ ನೆನಪು ಬಂತು. ಬೇರೆ ಜಾತಿಯ ನೂಲು, ಕುಣಿಕೆಯ ಜೋಡಣೆ, ಕೊನೆಯ ತುಂಡು: ಮೂರೂ ತಾಳೆಯಾಗುತ್ತವೆ. ಸೆರಗು ಎಂದರೆ ಅಂಚು, ಕೊನೆ ಎಂಬ ಹಳೆಯ ಅರ್ಥವೂ ಇದೆ. ಹಾಗಾಗಿ ರೀಲಿನಲ್ಲಿರುವುದು ಒಡಲು ದಾರ, ಕೊನೆಯದು ಸೆರಗು ದಾರ. ಮಗ್ಗದವರು ಹಾಸಿನ ಎಳೆ ಕೂಡಿಸುವುದಕ್ಕೆ ಕೆಚ್ಚುವುದು ಎನ್ನುತ್ತಾರೆ, ಆ ಕ್ರಿಯಾಪದವೂ ಜೊತೆಗೆ ಸಿಕ್ಕಂತಾಯಿತು: ‘ಒಡಲು ದಾರಕ್ಕೆ ಸೆರಗು ದಾರ ಕೆಚ್ಚಿ’. ಗಂಟು ಹಾಕಿ ಎಂದು ಬರೆದರೆ ಜನ ನಿಜವಾಗಿಯೂ ಗಂಟು ಹಾಕುತ್ತಾರೆ, ಅದೇ ಭಯ. ಕೆಚ್ಚುವುದರಲ್ಲಿ ಎಳೆಗಳನ್ನು ಬೆರಳಲ್ಲಿ ಹೊಸೆದು ಸೇರಿಸುವ ಭಾವ ಇದೆ, ಇಲ್ಲಿ ಹೊಸೆಯುವುದಿಲ್ಲ ಎಂಬ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ.

ಅಳಿಯನ ಆಕ್ಷೇಪ ಬೇರೆ. ‘ಸೆರಗು ಹರೀತು, ಇನ್ನೊಂದು ಸೆರಗು ಕೊಡ್ರಿ ಅಂತ ಗಂಡಸರು ಅಂಗಡೀಲಿ ನಿಂತು ಕೇಳ್ತಾರಾ?’ ಅವನ ಮಾತಿನಲ್ಲೂ ಹುರುಳಿದೆ. ಅಂಗಡಿಯಲ್ಲಿ ಲೀಡರ್ ಎಂದೇ ಕೇಳುತ್ತಾರೆ, ಕೇಳಲಿ. ಕನ್ನಡಕ್ಕೆ ಬಂದು ಬೆಂಚು, ರೀಲು, ಬ್ರೇಕು ಕೂತಿರುವ ಕಡೆ ಲೀಡರೂ ಕೂತರೆ ನನಗೇನೂ ಬೇಸರವಿಲ್ಲ. ಕೆಲಸ ವಿವರಿಸುವಾಗ, ಕೈಗೆ ತಿಳಿಯುವಂತೆ ಹೇಳುವಾಗ ಮಾತ್ರ ಒಡಲು-ಸೆರಗು ಇರಲಿ ಎಂಬುದು ನನ್ನ ಹಟ.

ನಿಮ್ಮಿಂದ ಬೇಕಾದದ್ದು ಇಷ್ಟು. ಹಗ್ಗದ ತುದಿಯನ್ನು ಇನ್ನೊಂದು ಹಗ್ಗದ ಎಳೆಗಳ ಒಳಗೆ ತೂರಿಸಿ ಗಂಟಿಲ್ಲದೆ ಕೂಡಿಸುವುದಕ್ಕೆ ಕರಾವಳಿಯ ದೋಣಿಯವರು, ಬಲೆಯವರು ಏನೆನ್ನುತ್ತಾರೆ? ಮಂಗಳೂರು, ಮಲ್ಪೆ, ಹೊನ್ನಾವರದವರು ದಯವಿಟ್ಟು ಹೇಳಿ. ಅವರ ಪದ ಸಿಕ್ಕರೆ ನನ್ನ ಕೆಚ್ಚುವುದನ್ನು ಬಿಟ್ಟುಕೊಡುತ್ತೇನೆ. ಚೊಣಕಿಗೆ ಕುಮಟಾ, ಅಂಕೋಲಾ ಕಡೆ ಕನ್ನಡದಲ್ಲಿ ಬಾಯಲ್ಲಿರುವ ಹೆಸರೂ ಬೇಕು. ಇನ್ನು ‘ಟೊಳ್ಳು’. ಅದಕ್ಕೆ ಬದಲಾಗಿ ಮೊನ್ನೆ ಅದೇ ಹುಬ್ಬಳ್ಳಿಯ ಗಿರಾಕಿ ಎರಡನೇ ಸುರುಳಿ ಕೊಳ್ಳಲು ಬಂದವನು ಹೆಸರು ಮರೆತು, ‘ಅದರೀ, ಆ ನುಂಗೋ ದಾರ’ ಎಂದ. ಅಳಿಯ ತಕ್ಷಣ ತೆಗೆದುಕೊಟ್ಟ. ಕರಡು ಚೀಟಿಯಲ್ಲಿ ಸದ್ಯಕ್ಕೆ ‘ನುಂಗುದಾರ’ ಎಂದಿದೆ. ಶುಕ್ರವಾರ ಅಚ್ಚಿಗೆ ಹೋಗುತ್ತದೆ, ಅದಕ್ಕಿಂತ ಒಳ್ಳೆಯದು ಹೊಳೆದರೆ ಗುರುವಾರ ರಾತ್ರಿಯೊಳಗೆ ಬರೆಯಿರಿ.