ಮನೆ ಮಾರಿ ಹೋಗುವಾಗ ಏನೇನು ಬಿಟ್ಟು ಹೋಗಬೇಕು? ಮರದ ಮೇಲಿನ ಕಾಯಿ ಯಾರದು?

ಕೆಂಪುನೆಲ (ತುಮಕೂರು):

ಎಸ್.ಎಸ್. ಪುರಂನಲ್ಲಿ ನಮ್ಮದೊಂದು ಹಳೇ ಮನೆ. 1991ರಲ್ಲಿ ಕಟ್ಟಿಸಿದ್ದು. ರೆಡ್ ಆಕ್ಸೈಡ್ ನೆಲ, ಹಜಾರದಲ್ಲಿ ತೂಗುಮಣೆ, ಹಿತ್ತಲಲ್ಲಿ ತೆಂಗಿನಮರ, ಒಂದು ಹಳೇ ಬೋರು. ನಮ್ಮ ಯಜಮಾನರು ಹೋದ ಮೇಲೆ ಮಕ್ಕಳು ಬೆಂಗಳೂರಿಗೇ ಬಂದುಬಿಡಮ್ಮ ಅಂತ ಹಠ ಹಿಡಿದರು. ಸರಿ ಅಂತ ಮಾರೋಕೆ ಒಪ್ಪಿದೆ. ಅಗ್ರಿಮೆಂಟ್ ಆಗಿದೆ, ಅಡ್ವಾನ್ಸ್ ಬಂದಿದೆ, ಮುಂದಿನ ತಿಂಗಳು ರಿಜಿಸ್ಟ್ರೇಷನ್.

ತಗೊಳ್ತಿರೋರು ಶಿರಾ ಕಡೆಯ ಚಿಕ್ಕ ವಯಸ್ಸಿನ ಗಂಡ ಹೆಂಡತಿ. ಒಳ್ಳೆಯವರೇ, ಬಂದಾಗಲೆಲ್ಲ ಕಾಲಿಗೆ ನಮಸ್ಕಾರ ಮಾಡ್ತಾರೆ. ನಮಸ್ಕಾರ ಮಾಡಿ ಎದ್ದವರು ಮೊನ್ನೆ ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಕಳಿಸಿದ್ದಾರೆ. ಸೋಲಾರ್ ಇರಲಿ ಆಂಟಿ, ಸಂಪಿನ ಮೋಟರ್ ಇರಲಿ, ಬೋರಿನ ಮೋಟರ್, ಸ್ಟಾರ್ಟರ್ ಇರಲಿ, ಫ್ಯಾನ್ ಇರಲಿ, ತೂಗುಮಣೆ ಇರಲಿ, ಅಡುಗೆಮನೆ ಒರಳು ಇರಲಿ, ಗ್ಯಾಸೂ ಇರಲಿ, ಹೊಸ ಕನೆಕ್ಷನ್ ತಗೊಳೋದು ತಾಪತ್ರಯ. ಕೊನೆಗೆ ಒಂದು ಸಾಲು: "ಕಾಯಿ ಕೀಳಿಸಬೇಡಿ ಆಂಟಿ, ಗೃಹಪ್ರವೇಶಕ್ಕೆ ಬೇಕಾಗತ್ತೆ."

ಕಾಯಿ ಬೆಲೆ ಏನಾಗಿದೆ ಅಂತ ತುಮಕೂರಿನೋರಿಗೆ ನಾನು ಹೇಳಬೇಕಾಗಿಲ್ಲ.

ಮಗ "ಎಲ್ಲ ಬಿಟ್ಟು ಬಾಮ್ಮ, ಫ್ಲ್ಯಾಟಲ್ಲಿ ಎಲ್ಲಿಡ್ತೀಯ" ಅಂತಾನೆ. ನಾದಿನಿ ಇನ್ನೊಂದು ತುದಿ. ಹೊಸ್ತಿಲು ಕೂರಿಸುವಾಗ ಕೆಳಗೆ ಪಂಚಲೋಹ, ನವರತ್ನದ ಪೊಟ್ಟಣ ಇಟ್ಟಿದ್ವಲ್ಲ, ಅದನ್ನೂ ತೆಗೆಸಿಕೊಂಡು ಹೋಗಬೇಕಂತೆ, ಇಲ್ಲದಿದ್ದರೆ ಮನೆ ಲಕ್ಷ್ಮಿನ ಬಿಟ್ಟು ಹೋದ ಹಾಗಂತೆ. ಹೊಸ್ತಿಲು ಅಗೆದು ಮನೆ ಒಪ್ಪಿಸಿದರೆ ಆ ಹುಡುಗಿ ಮುಖದಲ್ಲಿ ಏನು ಕಾಣಬಹುದು ಅಂತ ಯೋಚನೆ ಮಾಡಿದೆ, ನಗು ಬಂತು.

ನನಗೆ ಉದಾರ ಅನ್ನಿಸಿಕೊಳ್ಳೋ ಆಸೆಯೂ ಇಲ್ಲ, ಜಿಪುಣಿ ಅನ್ನಿಸಿಕೊಳ್ಳೋ ಇಷ್ಟವೂ ಇಲ್ಲ. ನ್ಯಾಯವಾಗಿ ಯಾವುದು ಅವರದು, ಯಾವುದು ನನ್ನದು? ತಿಳಿದವರು ಹೇಳಿ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ಉದ್ದವಾಗಿ ಬರೆದರೂ ಓದ್ತೀನಿ.

ಪತ್ರಬರಹ (ತುಮಕೂರು):

ಅಮ್ಮಾ, ನಾನು ಸಬ್ ರಿಜಿಸ್ಟ್ರಾರ್ ಆಫೀಸಿನ ಹತ್ತಿರ ಕ್ರಯಪತ್ರ ಬರೆಯೋನು. ಮೊದಲು ನಿಮ್ಮ ನಾದಿನಿಯವರಿಗೆ ಉತ್ತರ. ನಿಮ್ಮ ಯಜಮಾನರು ಸೈಟು ತಗೊಂಡ ಹಳೇ ಪತ್ರ ತೆಗೆದು ನೋಡಿ, ಕೊನೆಯ ಹಾಳೆಯ ಕಡೆಗೆ "ನಿಧಿ, ನಿಕ್ಷೇಪ, ಜಲ, ತರು, ಪಾಷಾಣ..." ಅಂತ ಒಂದು ಸಾಲು ಇರಬಹುದು. ವಿಜಯನಗರ ಕಾಲದ ದಾನಶಾಸನಗಳಲ್ಲಿ ಅಷ್ಟಭೋಗ, ಅಂದರೆ ನೆಲದ ಜೊತೆ ಬರೋ ಎಂಟು ಬಗೆಯ ಹಕ್ಕು, ಅಂತ ಬರ್ತಿತ್ತಲ್ಲ, ಅದೇ ಧಾಟಿ, ನಾವಿನ್ನೂ ಬರೀತೀವಿ. ಆ ಸಾಲಿರೋ ಕ್ರಯಪತ್ರಕ್ಕೆ ನೀವು ಸಹಿ ಹಾಕಿದ ಮೇಲೆ ಹೊಸ್ತಿಲ ಕೆಳಗಿನ ಪೊಟ್ಟಣವೂ ಹೋಯ್ತು, ಮರವೂ ಹೋಯ್ತು, ಕಲ್ಲೂ ಹೋಯ್ತು. ಹೊಸ್ತಿಲು ಮುಟ್ಟಬೇಡಿ.

ಈಗ ಕಾನೂನು. 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಇವತ್ತಿಗೂ ಆಧಾರ. ಅದರ 3ನೇ ಕಲಂ ಪ್ರಕಾರ ನೆಲಕ್ಕೆ ಸೇರಿದ್ದು ಅಂದರೆ ಮೂರು ಬಗೆ: ಮರಗಿಡದ ಹಾಗೆ ಬೇರು ಬಿಟ್ಟಿದ್ದು, ಗೋಡೆ ಕಟ್ಟಡದ ಹಾಗೆ ಹೂತಿದ್ದು, ಮತ್ತೆ ಆ ಹೂತಿದ್ದರ ಕಾಯಂ ಉಪಯೋಗಕ್ಕೆ ಅಂತ ಅದಕ್ಕೆ ಜೋಡಿಸಿದ್ದು. 8ನೇ ಕಲಂ ಇನ್ನೂ ಬಿಡಿಸಿ ಹೇಳತ್ತೆ. ಮನೆ ಮಾರಿದರೆ ಅದರ ಬೀಗ, ಬೀಗದ ಕೈ, ಸರಳು, ಬಾಗಿಲು, ಕಿಟಕಿ, ಮನೆಯ ಜೊತೆ ಕಾಯಂ ಬಳಕೆಗೆ ಇಟ್ಟ ಉಳಿದೆಲ್ಲವೂ ಕೊಂಡವರಿಗೆ. "ಬೇರೆ ಥರ ಮಾತಾಡಿಕೊಂಡಿಲ್ಲದಿದ್ದರೆ" ಅನ್ನೋ ಷರತ್ತೂ ಅದೇ ಕಲಂನ ಶುರುವಿನಲ್ಲೇ ಇದೆ. ಅಂದರೆ ನೀವು ಅಗ್ರಿಮೆಂಟಲ್ಲಿ ಬರೆಸಿದ್ದರೆ ಒರಳನ್ನೂ ಕಿತ್ತುಕೊಂಡು ಹೋಗಬಹುದಿತ್ತು. ನೂರಕ್ಕೆ ತೊಂಬತ್ತು ಜನ ಬರೆಸಲ್ಲ, ಆಮೇಲೆ ನಮ್ಮ ಮೇಜಿನ ಮುಂದೆ ನಿಂತು ಜಗಳ ಆಡ್ತಾರೆ.

ಸಂಪಿನ ಮೋಟರ್, ಬೋರಿನ ಮೋಟರ್, ಪೈಪು, ಸ್ಟಾರ್ಟರ್, ಪೈಪಿಗೆ ಕೂಡಿಸಿರೋ ಸೋಲಾರ್ ಹೀಟರ್, ಇವೆಲ್ಲ ಮನೆಯವು. ಅವರು ನೋಡಿ ರೇಟು ಹೇಳಿದ್ದು ಅವನ್ನೂ ಸೇರಿಸಿಯೇ. ತೂಗುಮಣೆ ಕೊಂಡಿಯಿಂದ ಬಿಚ್ಚಿದರೆ ಬರೋ ವಸ್ತು, ಅದು ನಿಮ್ಮದು. ಸೂರಿನ ಕೊಂಡಿ ಮಾತ್ರ ಅಲ್ಲೇ ಇರಲಿ. ಫ್ಯಾನಿನ ವಿಷಯದಲ್ಲಿ ವಾದ ಎರಡೂ ಕಡೆ ಇದೆ. ನಮ್ಮ ಊರಿನ ರೂಢಿ ನೋಡಿದರೆ ಮಾರೋರು ಬಿಚ್ಚಿಕೊಂಡು ಹೋಗ್ತಾರೆ. ಹಳೇ ಫ್ಯಾನಿಗೋಸ್ಕರ ನೀವಿಬ್ಬರೂ ಮುಖ ಕೆಡಿಸಿಕೊಳ್ಳೋದು ಬೇಡ.

ಕಾಯಿ ನಿಮ್ಮದು! ಅದೇ ಕಾಯ್ದೆಯ 55ನೇ ಕಲಂನಲ್ಲಿದೆ, ಒಡೆತನ ದಾಟೋವರೆಗೆ ಆಸ್ತಿಯ ಬಾಡಿಗೆ, ಫಲ ಮಾರೋರಿಗೆ ಸೇರತ್ತೆ. ಒಡೆತನ ದಾಟೋದು ಅಡ್ವಾನ್ಸ್ ಕೊಟ್ಟ ದಿನ ಅಲ್ಲ, ಕ್ರಯಪತ್ರ ಆದಾಗ. ಹಾಗಾಗಿ ರಿಜಿಸ್ಟ್ರೇಷನ್‌ಗೆ ಮುಂಚೆ ಬಲಿತ ಕಾಯಿ ಕೀಳಿಸಿದರೆ ಯಾರೂ ಏನೂ ಅನ್ನೋ ಹಾಗಿಲ್ಲ. ಎಳನೀರು, ಹೊಂಬಾಳೆ ಸಮೇತ ಬೋಳಿಸಿದರೆ ಅದು ಬೇರೆ ಮಾತು, ಒಪ್ಪಿಸೋವರೆಗೆ ಆಸ್ತಿನ ಜೋಪಾನ ಮಾಡೋ ಜವಾಬ್ದಾರಿಯೂ ನಿಮ್ಮದೇ.

ಕೆಂಪುನೆಲ:

ಧನ್ಯವಾದ. ನಾದಿನಿಗೆ ಓದಿ ಹೇಳಿದೆ, "ಆ ಪತ್ರ ಬರೆಯೋನು ಕೊಂಡೋರ ಕಡೆಯವನಿರಬೇಕು" ಅಂದಳು.

ಒರಳಿನ ವಿಷಯ ಬಿಡಿಸಿ ಹೇಳಿ. ಒರಳು ಅಡುಗೆಮನೆ ನೆಲದಲ್ಲಿ ಹೂತಿದೆ, ಸರಿ, ಬಿಡ್ತೀನಿ. ಗುಂಡು ಹೂತಿಲ್ಲ. ಅದು ನಮ್ಮತ್ತೆ ತುರುವೇಕೆರೆಯ ಹಳ್ಳಿ ಮನೆಯಿಂದ ತಂದಿದ್ದು, ಒರಳಿಗಿಂತ ಹಳೇದು. ಕೈ ಹಿಡಿಯೋ ಜಾಗ ಸವೆದು ನುಣ್ಣಗಾಗಿದೆ. ಫ್ಲ್ಯಾಟಲ್ಲಿ ಅದರಲ್ಲಿ ರುಬ್ಬಲ್ಲ, ಗೊತ್ತು. ಬಾಗಿಲು ಗಾಳಿಗೆ ಹಾಕಿಕೊಳ್ಳದ ಹಾಗೆ ಇಡ್ತೀನಿ, ಅಷ್ಟೇ.

ಗ್ಯಾಸಿನ ಬಗ್ಗೆಯೂ ಯಾರೂ ಹೇಳಲಿಲ್ಲ.

ಪತ್ರಬರಹ:

ಒಳ್ಳೇ ಪ್ರಶ್ನೆ ಹಾಕಿದ್ರಿ. ಬೀಗ ಬಾಗಿಲಲ್ಲಿದ್ದು ಬೀಗದ ಕೈ ನಿಮ್ಮ ಸೆರಗಲ್ಲಿದ್ದರೂ ಅದು ಮನೆಗೇ ಸೇರಿದ್ದು. ಆ ಲೆಕ್ಕದಲ್ಲಿ ಗುಂಡೂ ಒರಳಿನ ಜೊತೆ ಅಂತ ವಕೀಲರೊಬ್ಬರು ವಾದ ಮಾಡಬಹುದು. ಆದರೆ ಗುಂಡಿಗೋಸ್ಕರ ಕೋರ್ಟಿಗೆ ಹೋದವರನ್ನ ನಾನು ನೋಡಿಲ್ಲ. ಆ ಹುಡುಗಿಗೆ ನೀವು ಇಲ್ಲಿ ಬರೆದ ಮಾತನ್ನೇ ಹೇಳಿ ಸಾಕು.

ಕೋಲಾರದಲ್ಲಿ ಮನೆ ಕೊಂಡವ:

ಮೇಡಂ, ನಾನು ಕೊಂಡೋರ ಕಡೆಯಿಂದ ಹೇಳ್ತೀನಿ. ಕೋಲಾರದಲ್ಲಿ ಮನೆ ತಗೊಂಡೆ. ಕೀ ತಗೊಂಡು ಒಳಗೆ ಹೋದರೆ ಬಚ್ಚಲಲ್ಲಿ ನಲ್ಲಿ ಇಲ್ಲ. ಒಂದೂ ಇಲ್ಲ. ಪೈಪಿನ ಬಾಯಿಗೆ ಬಟ್ಟೆ ತುರುಕಿದ್ರು. ಕರೆಗಂಟೆ ಇಲ್ಲ, ಸಂಪಿನ ಮುಚ್ಚಳ ಇಲ್ಲ. ಸಂಪಿನ ಮುಚ್ಚಳ! ಮನೆಯಲ್ಲಿ ಚಿಕ್ಕ ಮಗು ಇಟ್ಟುಕೊಂಡು ನಾನು ಮೊದಲು ಮಾಡಿದ ಕೆಲಸ ಅದರ ಮೇಲೆ ಹಲಗೆ ಮುಚ್ಚಿ ಕಲ್ಲು ಹೇರಿದ್ದು. ಸೋಲಾರ್ ಬಿಚ್ಚಿಕೊಂಡು ಹೋಗಿದ್ದರು, ಅದರ ಪೈಪು ತಾರಸಿ ಮೇಲೆ ತೆರೆದೇ ಇತ್ತು. ವಾಲ್ವ್ ತಿರುಗಿಸಿದ್ದೇ ತಡ, ಮಹಡಿ ಮೆಟ್ಟಿಲ ತುಂಬ ನೀರು.

ಅವರಿಗೆ ಅದರಿಂದ ಏನು ಲಾಭ ಆಯ್ತೋ ದೇವರಿಗೇ ಗೊತ್ತು. ನಮ್ಮ ಕಡೆ ಬೋರ್ ನೀರಿನ ಗಡಸಿಗೆ ಸೋಲಾರ್ ಟ್ಯೂಬಿನ ಒಳಗೆಲ್ಲ ಉಪ್ಪು ಕಟ್ಟಿರತ್ತೆ, ಗಾಜಿನ ಟ್ಯೂಬು ಇಳಿಸುವಾಗಲೇ ಅರ್ಧ ಒಡೀತವೆ. ನೀವು ಬಿಟ್ಟುಬಿಡಿ.

ಅದಕ್ಕಿಂತ ಬೇಜಾರಾಗಿದ್ದು ಅವರು ಬಿಟ್ಟು ಹೋದ ಸಾಮಾನು. ಅಟ್ಟದ ಮೇಲೆ ಹತ್ತಿ ಹೊರಬಂದ ಹಾಸಿಗೆ, ಕೆಟ್ಟ ಟಿವಿ, ಕಾಲು ಮುರಿದ ಮಂಚ. ದೇವರ ಮನೆಯಲ್ಲಿ ಚೌಕಟ್ಟು ಒಡೆದ ದೇವರ ಫೋಟೋಗಳು, ಜೊತೆಗೆ ಯಾರೋ ಹಿರಿಯರ ಹಾರ ಹಾಕಿದ ಫೋಟೋ! ನಮ್ಮಮ್ಮ ಅದನ್ನ ಎಸೆಯೋಕೂ ಬಿಡಲಿಲ್ಲ, ಇಟ್ಟುಕೊಳ್ಳೋಕೂ ಬಿಡಲಿಲ್ಲ. ಫೋನ್ ಮಾಡಿದರೆ "ಬರ್ತೀವಿ, ತಗೊಂಡು ಹೋಗ್ತೀವಿ" ಅಂತಾರೆ. ಆ ತಾತ ಇನ್ನೂ ನಮ್ಮ ಅಟ್ಟದಲ್ಲೇ ಇದ್ದಾರೆ. ದಯವಿಟ್ಟು ಮೇಡಂ, ನಿಮ್ಮ ದೇವರನ್ನೂ ಹಿರಿಯರನ್ನೂ ನೀವೇ ಕರ್ಕೊಂಡು ಹೋಗಿ.

ವೈರಿಂಗ್ ಅಣ್ಣ (ಕ್ಯಾತ್ಸಂದ್ರ):

ಗ್ಯಾಸ್ ಬಗ್ಗೆ ಕೇಳಿದ್ರಲ್ಲ ಅಮ್ಮ. ಕನೆಕ್ಷನ್ ಇರೋದು ವ್ಯಕ್ತಿ ಹೆಸರಲ್ಲಿ, ಮನೆ ಹೆಸರಲ್ಲಲ್ಲ. ಸಿಲಿಂಡರು, ರೆಗ್ಯುಲೇಟರ್ ಕಂಪನಿಯದ್ದು, ನೀವು ಠೇವಣಿ ಕಟ್ಟಿ ಇಟ್ಟುಕೊಂಡಿರೋದು ಅಷ್ಟೇ. ಕೊಂಡವರಿಗೆ ಬಿಟ್ಟು ಹೋಗೋ ಹಾಗೇ ಇಲ್ಲ. ಏಜೆನ್ಸಿಗೆ ಒಪ್ಪಿಸಿ, ವೋಚರ್ ತಗೊಂಡು ಬೆಂಗಳೂರಲ್ಲಿ ಕೊಟ್ಟರೆ ಅಲ್ಲಿ ಸಿಗತ್ತೆ. ಒಲೆ ಬೇಕಾದರೆ ಬಿಡಿ, ಅದು ನಿಮ್ಮ ಸ್ವಂತದ್ದು.

ಕರೆಂಟಿನ ಮೀಟರ್ ಅವರಿಗೆ ಬಿಡೋದೇ, ಆದರೆ ಬಿಡೋ ಮುಂಚೆ ಕೆಲಸ ಇದೆ. ಆರ್.ಆರ್. ನಂಬರ್ (ಕರೆಂಟ್ ಬಿಲ್ಲಿನ ಮೇಲಿರೋ ಸಂಪರ್ಕದ ಸಂಖ್ಯೆ) ಇನ್ನೂ ನಿಮ್ಮ ಯಜಮಾನರ ಹೆಸರಲ್ಲೇ ಇದ್ದರೆ ಅದಕ್ಕೆ ಬೇಕಾದ ಕಾಗದ ಈಗಲೇ ಜೋಡಿಸಿಕೊಡಿ. ಬೆಸ್ಕಾಂನಲ್ಲಿ ಠೇವಣಿ ಇರತ್ತೆ, ಅದನ್ನ ಕೊಂಡವರ ಹೆಸರಿಗೆ ಬಿಡ್ತೀನಿ ಅಂತ ಒಪ್ಪಿಗೆ ಪತ್ರ ಕೊಟ್ಟರೆ ಅವರಿಗೆ ಹೆಸರು ಬದಲಾವಣೆ ಸಲೀಸು. ಆ ದುಡ್ಡು ಅವರಿಂದ ಇಸ್ಕೊಳ್ಳಿ, ಮುಲಾಜು ಬೇಡ. ಇನ್ನೊಂದು, 2023ರಲ್ಲಿ ಗೃಹಜ್ಯೋತಿ ಬಂದಾಗ ಆ ಆರ್.ಆರ್. ನಂಬರಿಗೆ ನಿಮ್ಮ ಮನೆಯವರ ಯಾರದ್ದಾದರೂ ಆಧಾರ್ ಕೊಟ್ಟಿರ್ತೀರಿ. ಅದನ್ನ ಸೇವಾಸಿಂಧುವಿನಲ್ಲಿ ಡಿ-ಲಿಂಕ್ ಮಾಡಿಸಿ. ನೀವು ಬಿಡಿಸದಿದ್ದರೆ ಅವರು ತಮ್ಮ ಆಧಾರ್ ಸೇರಿಸೋಕೆ ಪರದಾಡ್ತಾರೆ.

ಫ್ಯಾನ್ ಬಿಚ್ಚೋದಾದರೆ ವೈರಿನ ತುದಿಗೆ ಟೇಪ್ ಸುತ್ತಿಸಿ, ರೆಗ್ಯುಲೇಟರ್ ಅಲ್ಲೇ ಬಿಡಿ. ಸ್ವಿಚ್‌ಬೋರ್ಡಿನ ಪ್ಲೇಟ್ ಕಳಚಿಕೊಂಡು ಹೋದವರನ್ನೂ ನೋಡಿದ್ದೀನಿ. ಯುಪಿಎಸ್ ಪೆಟ್ಟಿಗೆ, ಬ್ಯಾಟರಿ ನಿಮ್ಮವು. ತೆಗೆದ ಮೇಲೆ ಲೈನ್ ನೇರ ಮಾಡಿಸಿ, ಇಲ್ಲದಿದ್ದರೆ ಅವರು ಮೊದಲ ದಿನವೇ ಅರ್ಧ ಮನೆ ಕತ್ತಲಲ್ಲಿ ಕೂರ್ತಾರೆ.

ಇವೆಲ್ಲಕ್ಕಿಂತ ಹೆಚ್ಚು ಬೆಲೆ ಬಾಳೋದು ಒಂದು ಹಾಳೆ. ಬೋರು ಎಷ್ಟು ಅಡಿ, ಕೇಸಿಂಗ್ ಎಷ್ಟು, ಮೋಟರ್ ಎಷ್ಟು ಪೈಪ್ ಕೆಳಗೆ ಇಳಿಸಿದೆ, ಎಷ್ಟು ಎಚ್‌ಪಿ, ಬರೆದಿಡಿ. ಬುಗುಡನಹಳ್ಳಿ ಕೆರೆ ನೀರು ನಿಮ್ಮ ಬೀದಿಗೆ ಯಾವ ಹೊತ್ತಿಗೆ ಬಿಡ್ತಾರೆ, ಸಂಪಿಗೆ ಬರೋ ವಾಲ್ವ್ ಯಾವುದು, ತೊಟ್ಟಿಗೆ ಹೋಗೋದು ಯಾವುದು. ಮೋಟರ್ ಎತ್ತೋಕೆ ಹೋದಾಗ ಆಳ ಗೊತ್ತಿಲ್ಲ ಅಂದರೆ ನಮ್ಮ ಗತಿ ನಾಯಿಪಾಡು. ಸಂಪು, ಬೋರು ಎರಡಕ್ಕೂ ಒಂದೇ ಸ್ವಿಚ್ ಥರ ಕಾಣೋ ಮನೆಗಳಿವೆ, ಹೊಸಬರು ಯಾವುದನ್ನೋ ಹಾಕಿ ಒಣಮೋಟರ್ ಓಡಿಸಿ ಸುಟ್ಟುಕೊಳ್ತಾರೆ.

ಕೆಂಪುನೆಲ:

ನಿಮ್ಮೆಲ್ಲರಿಗೂ ಒಳ್ಳೇದಾಗಲಿ. ಬೋರಿನ ಲೆಕ್ಕ ನಮ್ಮ ಯಜಮಾನರು ಡೈರಿಯಲ್ಲಿ ಬರೆದಿಟ್ಟಿದ್ದಾರೆ, ಪೈಪಿನ ಜೊತೆ ಕೂಲಿಯವರು ಕುಡಿದ ಕಾಫಿಯ ಲೆಕ್ಕವೂ ಇದೆ. ಆ ಪುಟ ಜೆರಾಕ್ಸ್ ಮಾಡಿಸಿ ಕೊಡ್ತೀನಿ, ಡೈರಿ ಕೊಡಲ್ಲ. ಕೋಲಾರದವರೇ, ಫೋಟೋಗಳೆಲ್ಲ ಮೊದಲ ಟ್ರಿಪ್ಪಿನಲ್ಲೇ ಹೋಗ್ತವೆ.

ಕಾಯಿ ಕೀಳಿಸ್ತೀನಿ. ಗೃಹಪ್ರವೇಶಕ್ಕೆ ಬೇಕಾದಷ್ಟು ನಾನೇ ಸುಲಿಸಿ ಇಟ್ಟಿರ್ತೀನಿ, ಮರದ ಮೇಲೆ ಬಿಟ್ಟು ಹೋಗೋ ಉದಾರತನ ನನಗಿಲ್ಲ.

ಇನ್ನೊಂದು ಸಂಗತಿ ಇದೆ. ಯುಜಿಡಿ (ಒಳಚರಂಡಿ) ಬರೋಕೆ ಮುಂಚೆ ಕಕ್ಕಸಿನ ಪಿಟ್ ಇತ್ತು. ಅದು ಈಗ ಕಾರು ನಿಲ್ಲಿಸೋ ಜಾಗದ ಕೆಳಗಿದೆ, ಮೇಲೆ ಚಪ್ಪಡಿ, ಅದರ ಮೇಲೆ ಟೈಲ್ಸ್. ನಮ್ಮದು ಸ್ಕೂಟರ್ ಮಾತ್ರ, ತೊಂದರೆ ಆಗಲಿಲ್ಲ. ಇದನ್ನ ಅವರಿಗೆ ಹೇಳಬೇಕಾ? ಹೇಳಿದರೆ ರೇಟಲ್ಲಿ ಇಳಿಸ್ತಾರೆ ಅಂತ ಮಗನಿಗೆ ಭಯ.

ಪತ್ರಬರಹ:

ಹೇಳಲೇಬೇಕು. ಕೊಂಡವರು ಸಾಮಾನ್ಯವಾಗಿ ಕಣ್ಣಾಡಿಸಿದರೆ ಕಾಣದ, ನಿಮಗೆ ಗೊತ್ತಿರೋ ದೋಷ ಮುಚ್ಚಿಡೋ ಹಾಗಿಲ್ಲ, ಅದೂ 55ನೇ ಕಲಂನಲ್ಲೇ ಇದೆ. ಅವರ ಕಾರಿನ ಚಕ್ರ ಚಪ್ಪಡಿ ಮುರಿದು ಇಳಿದರೆ ಇವತ್ತು ಉಳಿಸಿದ ದುಡ್ಡು ನೋಟಿಸಿಗೆ ಉತ್ತರ ಕೊಡೋಕೂ ಸಾಲಲ್ಲ. ಸ್ಥಳದಲ್ಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿ ತೋರಿಸಿ. ಯಾವುದು ಬಿಡ್ತೀರಿ, ಯಾವುದು ತಗೊಂಡು ಹೋಗ್ತೀರಿ ಅನ್ನೋ ಪಟ್ಟಿಯಲ್ಲೇ ಪಿಟ್ಟಿನ ವಿಷಯವೂ ಒಂದು ಸಾಲು ಬರೆದು ಇಬ್ಬರೂ ಸಹಿ ಹಾಕಿ. ಮಣ್ಣು ತುಂಬಿಸಿ ಕೊಡಿ ಅಂದರೆ ಖರ್ಚು ಅರ್ಧರ್ಧ ಅಂತ ಶುರು ಮಾಡಿ.

ಕಂದಾಯ ರಿಜಿಸ್ಟ್ರೇಷನ್ ದಿನದವರೆಗೆ ಕಟ್ಟೋದು ನಿಮ್ಮ ಜವಾಬ್ದಾರಿ. ಮೂಲಪತ್ರ, ನಕ್ಷೆ, ಹಳೇ ರಸೀದಿಗಳು ಪೂರ್ತಿ ಹಣ ಕೈಗೆ ಬಂದ ಮೇಲೆ ಕೊಡಿ, ಅದಕ್ಕೆ ಮುಂಚೆ ಜೆರಾಕ್ಸ್ ಸಾಕು. ವಂಶವೃಕ್ಷ ಮಾಡಿಸಿದ್ದೀರಾ? ಮನೆ ಯಜಮಾನರ ಹೆಸರಲ್ಲಿತ್ತು ಅಂದರೆ ಮಕ್ಕಳೆಲ್ಲರೂ ಸಹಿಗೆ ಬರಬೇಕು, ಬೆಂಗಳೂರಿನವರಿಗೆ ಈಗಲೇ ರಜೆ ಹಾಕೋಕೆ ಹೇಳಿಬಿಡಿ.