ಅಪ್‌ಡೇಟ್: ನೆಲ ಅಗೆಯದೆ ಒಳಚರಂಡಿ ಪೈಪ್ ಸರಿಯಾಯ್ತು

ಚಿಕ್ಕಮಗಳೂರಿನ ನಮ್ಮ ಹಳೇ ಮನೆಯ ರೆಡ್ ಆಕ್ಸೈಡ್ ನೆಲದ ಕೆಳಗೆ ಹೋಗುವ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪಿಗೆ ಹಲಸಿನ ಮರದ ಬೇರು ನುಗ್ಗಿ ಪದೇ ಪದೇ ಕಟ್ಟಿಕೊಳ್ಳುತ್ತಿದೆ, ನೆಲ ಒಡೆಯದೆ ಸರಿಮಾಡಬಹುದಾ ಅಂತ ಕೇಳಿದ್ದೆ. ಲೈನಿಂಗ್, ಅಂದರೆ ಹಳೇ ಪೈಪಿನೊಳಗೆ ಹೊಸ ಪದರ ಕೂರಿಸುವ ಕೆಲಸ, ಮಾಡಿಸಿ ಎಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಕೆಲಸ ಮುಗಿದಿದೆ.

ಮೊದಲು ಕ್ಯಾಮೆರಾ ಬಿಟ್ಟು ನೋಡಿದರು. ಇದನ್ನು ಬಿಡಲೇಬೇಡಿ. ಪೈಪ್ ಪೂರ್ತಿ ಕುಸಿದಿದ್ದರೆ, ಅಥವಾ ನಡುವೆ ತಗ್ಗಾಗಿ ನೀರು ನಿಲ್ಲುತ್ತಿದ್ದರೆ ಅಗೆಯಲೇಬೇಕು. ಒಳಗೆ ಕೂರಿಸುವ ಆ ಪದರ (ಲೈನರ್) ಹಳೇ ಪೈಪಿನ ಆಕಾರವನ್ನೇ ತಾಳುತ್ತದೆ ಅಲ್ವಾ? ನಮ್ಮದರಲ್ಲಿ ಜಾಯಿಂಟುಗಳಲ್ಲಿ ಬೇರು, ಅಲ್ಲಲ್ಲಿ ಬಿರುಕು ಅಷ್ಟೇ.

ಬೇರು ಕತ್ತರಿಸಿ, ಜೋರು ನೀರಿನಿಂದ ತೊಳೆದರು. ಆಮೇಲೆ ರೆಸಿನ್ ಎಂಬ ಅಂಟು ದ್ರವದಲ್ಲಿ ನೆನೆಸಿದ ಫೆಲ್ಟ್ (ದಪ್ಪ ಬಟ್ಟೆಯಂಥ) ಕೊಳವೆಯನ್ನು ಗಾಳಿಯ ಒತ್ತಡದಿಂದ, ಕಾಲುಚೀಲ ಮಗುಚುವ ಹಾಗೆ ಒಳಗೆ ತಳ್ಳಿದರು. ಮಗುಚಿದಾಗ ರೆಸಿನ್ ಇರುವ ಬದಿ ಹಳೇ ಪೈಪಿಗೆ ಒತ್ತಿಕೊಳ್ಳುತ್ತದೆ. ನಂತರ ಹಬೆ ಬಿಟ್ಟರು. ಶಾಖಕ್ಕೆ ರೆಸಿನ್ ಗಟ್ಟಿಯಾಗಿ ಪೈಪಿನೊಳಗೇ ಹೊಸ ಪೈಪ್! 1971ರಲ್ಲಿ ಲಂಡನ್‌ನಲ್ಲಿ ಎರಿಕ್ ವುಡ್ ಎಂಬ ಎಂಜಿನಿಯರ್ ಶುರುಮಾಡಿದ ವಿಧಾನವಂತೆ. ನಿಜಕ್ಕೂ ದೊಡ್ಡ ಉಪಕಾರ.

ಮಾಡಿಸುವವರಿಗೆ ಮುಖ್ಯವಾಗಿ ಹೇಳಬೇಕಾದ್ದು ವಾಸನೆ ಬಗ್ಗೆ. ನಮಗೆ ಹಾಕಿದ್ದು ಪಾಲಿಯೆಸ್ಟರ್ ರೆಸಿನ್, ಅದರಲ್ಲಿ ಸ್ಟೈರೀನ್ ಎಂಬ ಘಾಟು ವಾಸನೆಯ ರಾಸಾಯನಿಕ ಇರುತ್ತದೆ. ಬಚ್ಚಲಿನ ಟ್ರ್ಯಾಪ್ (ನೀರು ನಿಂತು ವಾಸನೆ ತಡೆಯುವ ಪೈಪಿನ ಬಾಗು) ಒಣಗಿದ್ದರೆ ಆ ಘಾಟು ಸೀದಾ ಮನೆಯೊಳಗೆ ಬರುತ್ತದೆ. ಮೊದಲೇ ಟ್ರ್ಯಾಪ್‌ಗಳಿಗೆ ನೀರು ಸುರಿಯಿರಿ, ಕಿಟಕಿ ತೆರೆದಿಡಿ. ವಯಸ್ಸಾದವರು, ಮಕ್ಕಳು ಅವತ್ತು ನೆಂಟರ ಮನೆಯಲ್ಲಿರುವುದು ಒಳ್ಳೆಯದು.

ಅಡುಗೆಮನೆ ಲೈನ್ ಬಂದು ಸೇರುವ ಬಾಯಿಯನ್ನೂ ಲೈನರ್ ಮುಚ್ಚಿಬಿಡುತ್ತದೆ. ಅದನ್ನು ಒಳಗಿನಿಂದಲೇ ಕಟರ್ ಬಿಟ್ಟು ಕೊರೆದು ತೆರೆಯಬೇಕು. ತೆರೆದಿದ್ದಾರಾ ಅಂತ ಕೊನೆಯ ಕ್ಯಾಮೆರಾ ವಿಡಿಯೋ ನೋಡಿಯೇ ಬಿಲ್ ಕೊಡಿ.